ಸೊನೌಲಿ ದಾಟಿದ ಮೂರು ಮೂಟೆ

"ಇದರ ಬೆಲೆ ಎಷ್ಟು?"

ನೇಪಾಳದ ಗಡಿಗೆ ಅಂಟಿದ ಸೊನೌಲಿಯಲ್ಲಿ ನಮ್ಮ ಕಸ್ಟಮ್ಸ್ ಅಧಿಕಾರಿ ಹಿಂದಿಯಲ್ಲಿ ಕೇಳಿದ್ದು ಇಷ್ಟೇ. ಅವರ ಕೈಯಲ್ಲಿ ಗಾಳಿ ಬಿಟ್ಟ ಒಂದು ವಾಲಿಬಾಲ್ ಇತ್ತು.

"ಬೆಲೆ ಇಲ್ಲ ಸರ್, ದಾನ ಬಂದಿದ್ದು" ಅಂದೆ.

ಅವರು ನನ್ನ ಪಟ್ಟಿಯನ್ನು ಮೇಜಿನ ಮೇಲೆ ನನ್ನ ಕಡೆಗೇ ತಳ್ಳಿದರು. ಪಟ್ಟಿಯಲ್ಲಿ ಸಾಮಾನಿನ ಹೆಸರು, ಸಂಖ್ಯೆ ಎಲ್ಲ ಇತ್ತು. ಬೆಲೆಯ ಜಾಗದಲ್ಲಿ ಮಾತ್ರ ಮೇಲಿಂದ ಕೆಳಗೆ ಒಂದು ಗೀಟು ಎಳೆದು 'ಉಚಿತ' ಅಂತ ಬರೆದಿದ್ದೆ. "ನಿಮಗೆ ಪುಕ್ಕಟೆ ಬಂದಿರಬಹುದು. ಆದರೆ ಸಾಮಾನಿಗೆ ಅಂತ ಒಂದು ಬೆಲೆ ಇರುತ್ತಲ್ಲ? ಅದನ್ನ ಬರ್ಕೊಂಡು ಬನ್ನಿ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಹಿಂದೆ ಸಾಲಿನಲ್ಲಿ ಬೇರೆಯವರು ನಿಂತಿದ್ದರು, ಅಷ್ಟೇ.

ದಾವಣಗೆರೆಯಲ್ಲಿ ನನ್ನದು ಆಟದ ಸಾಮಾನಿನ ಸಣ್ಣ ಅಂಗಡಿ. ಬ್ಯಾಟಿಗೆ ಗ್ರಿಪ್ ಹಾಕುವುದು, ಶಟಲ್ ರ‍್ಯಾಕೆಟ್‌ಗೆ ಗಟ್ಟಿಂಗ್ ಮಾಡುವುದು ಅಂದರೆ ದಾರ ಹೆಣೆಯುವುದು, ಹರಿದ ನೆಟ್ ಹೊಲಿಯುವುದು, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹಳೆ ಸಾಮಾನು ಕೈಗೆ ಬಂದರೆ ಇದು ಇಷ್ಟು ಬಾಳುತ್ತೆ ಅಂತ ಹೇಳಬಲ್ಲೆ. ಆದರೂ ಆ ಜಾಗ ಖಾಲಿ ಬಿಟ್ಟಿದ್ದೆ. ಜನ ಪ್ರೀತಿಯಿಂದ ಕೊಟ್ಟಿದ್ದಕ್ಕೆ ಬೆಲೆ ಕಟ್ಟುವುದು ತಪ್ಪು ಅನ್ನುವ ಭಾವನೆ ಒಳಗೆಲ್ಲೋ ಇತ್ತು. ಗಡಿಯಲ್ಲಿ ಆ ಭಾವನೆಗೆ ಜಾಗ ಇಲ್ಲ. ದಾನದ ಸಾಮಾನನ್ನು ಬೇರೆ ದೇಶಕ್ಕೆ ಒಯ್ಯಬೇಕು ಅಂತಿರುವವರು ಮೊದಲು ತಿಳಿದಿರಬೇಕಾದ್ದು ಇದೇ, ಅದಕ್ಕೇ ಇಲ್ಲಿಂದ ಶುರು ಮಾಡಿದೆ.

ಆಟದ ಸಾಮಾನನ್ನು ನೇಪಾಳದ ಒಂದು ಶಾಲೆಗೆ ಯಾಕೆ ಒಯ್ದಿರಿ ಅಂತ ಊರಲ್ಲಿ ಕೇಳಿದವರು ಬಹಳ ಜನ. ನಮ್ಮ ಬೀದಿಯಲ್ಲಿ ರಾತ್ರಿ ಸೀಟಿ ಊದುತ್ತ, ಕೋಲು ಬಡಿಯುತ್ತ ಗಸ್ತು ತಿರುಗುತ್ತಿದ್ದ ನೇಪಾಳದವರೊಬ್ಬರಿದ್ದರು. ಎಲ್ಲರೂ ಗೂರ್ಖ ಅನ್ನುತ್ತಿದ್ದರು. ನಾವು ಅಂಗಡಿ ಸಾಲಿನವರು ಅವರ ಭಾಷೆಯಲ್ಲೇ 'ದಾಜು' ಅನ್ನುತ್ತಿದ್ದೆವು, ಅಂದರೆ ಅಣ್ಣ. ಅವರ ಮಗ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಏಳನೇ ಕ್ಲಾಸಿನವರೆಗೆ ಓದಿದ. ಸಂಜೆ ಅಂಗಡಿಗೆ ಬಂದು ಚೆಂಡಿಗೆ ಗಾಳಿ ಹೊಡೆದುಕೊಡುತ್ತಿದ್ದ. ಪಿನ್ ಒದ್ದೆ ಮಾಡದೆ ಚುಚ್ಚಿದರೆ ವಾಲ್ವ್ ಹಾಳಾಗುತ್ತೆ ಅಂತ ಒಂದೇ ಸಲ ಹೇಳಿಕೊಟ್ಟಿದ್ದು, ಆಮೇಲೆ ಎಂದೂ ಮರೆಯಲಿಲ್ಲ. ದಾಜು ಮನೆಯವರನ್ನೆಲ್ಲ ಕರೆದುಕೊಂಡು ಊರಿಗೆ ವಾಪಸು ಹೋದರು. ಪಾಲ್ಪಾ ಜಿಲ್ಲೆಯ ಒಂದು ಗುಡ್ಡದ ಹಳ್ಳಿ. ಹುಡುಗ ಈಗ ಅಲ್ಲಿನ ಹೈಸ್ಕೂಲಿನಲ್ಲಿದ್ದಾನೆ. ಕನ್ನಡ ಇನ್ನೂ ಬಿಟ್ಟಿಲ್ಲ.

2023ರ ಸೆಪ್ಟೆಂಬರ್ 27ರಂದು ಅವನ ಫೋನ್ ಬಂತು. ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ನಡೆಯುತ್ತಿತ್ತು. ಮಂಗೋಲಿಯಾ ಮೇಲೆ ನೇಪಾಳ ಇಪ್ಪತ್ತು ಓವರಿನಲ್ಲಿ 3 ವಿಕೆಟ್‌ಗೆ 314 ಹೊಡೆದಿತ್ತು. ದೀಪೇಂದ್ರ ಸಿಂಗ್ ಐರಿ 9 ಎಸೆತದಲ್ಲಿ 50, ಕುಶಲ್ ಮಲ್ಲ 34 ಎಸೆತದಲ್ಲಿ 100. "ಕಾಕಾ, ನೋಡಿದ್ರಾ?" ಅಂತ ಕೂಗುತ್ತಿದ್ದ. ಆ ಖುಷಿಯ ಮಾತಿನ ನಡುವೆಯೇ, ಶಾಲೆಯಲ್ಲಿ ಈಗ ಇರುವುದು ಒಂದೇ ವಾಲಿಬಾಲ್, ಅದೂ ಗಾಳಿ ನಿಲ್ಲಲ್ಲ ಅಂದ. ಕೇಳಬೇಕು ಅಂತ ಹೇಳಿದ್ದಲ್ಲ. ಆದರೆ ಅಂಗಡಿ ತುಂಬ ಚೆಂಡು ತೂಗು ಹಾಕಿಕೊಂಡು ಕೂತವನಿಗೆ ಆ ಮಾತು ರಾತ್ರಿಯೆಲ್ಲ ಕೊರೆಯಿತು.

ನಮ್ಮೂರಲ್ಲಿ ಆಟದ ವಿಷಯ ಹೇಳಿದರೆ ಜನ ಕೈ ಬಿಚ್ಚಿ ಕೊಡುತ್ತಾರೆ. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ ನಡೆದರೆ ರಾತ್ರಿಯೆಲ್ಲ ನಿಂತು ನೋಡುವ ಊರು ಇದು. ವಿನಯ್ ಕುಮಾರ್ ಬೌಲಿಂಗ್ ಕಲಿತ ಊರು. ನಾಲ್ಕು ಜನರಿಗೆ ಹೇಳಿದೆ. ಎರಡು ವಾರದಲ್ಲಿ ಅಂಗಡಿಯ ಹಿಂದಿನ ರೂಮು ತುಂಬಿತು. ತುಂಬಿದ್ದೆಲ್ಲ ಕ್ರಿಕೆಟ್ ಸಾಮಾನು. ಹತ್ತೊಂಬತ್ತು ಬ್ಯಾಟು, ಹನ್ನೊಂದು ಜೊತೆ ಪ್ಯಾಡು, ಹೆಲ್ಮೆಟ್ಟು, ಗ್ಲೌಸು.

ಹುಡುಗನಿಗೆ ವಿಡಿಯೋದಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕಾಕಾ, ಬೇಜಾರ್ ಮಾಡ್ಕೋಬೇಡ್ರಿ. ಇಲ್ಲಿ ಅಷ್ಟು ಬ್ಯಾಟ್ ಹಿಡಿಯೋಕೆ ಜಾಗ ಇಲ್ಲ" ಅಂದ. ಅವರ ಮೈದಾನ ಅಂದರೆ ಗುಡ್ಡ ಕಡಿದು ಸಮ ಮಾಡಿದ ಒಂದು ಪಟ್ಟಿ. ವಾಲಿಬಾಲ್ ಕೋರ್ಟು 18 ಮೀಟರ್ ಉದ್ದ, 9 ಮೀಟರ್ ಅಗಲ; ಅಷ್ಟು ಹಾಕಿದರೆ ಮೂರು ಕಡೆಯೂ ನಾಲ್ಕೇ ಹೆಜ್ಜೆ ಉಳಿಯುತ್ತೆ. ಇನ್ನೊಂದು ಕಡೆ ಗುಡ್ಡದ ಅಂಚು, ಚೆಂಡು ಅದನ್ನು ದಾಟಿದರೆ ಕೆಳಗಿನ ತೊರೆಯವರೆಗೂ ಉರುಳುತ್ತೆ. ತರೋದಕ್ಕೆ ಹೋದವನು ಬರುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತೆ. "ಚೆಂಡಿಗಿಂತ ಮೊದಲು ಆ ಕಡೆ ಅಡ್ಡ ಕಟ್ಟೋಕೆ ಒಂದು ದೊಡ್ಡ ನೆಟ್ ಸಿಕ್ರೆ ಸಾಕು ಕಾಕಾ."

ಇದನ್ನು ನಾನು ಮೊದಲೇ ಕೇಳಬೇಕಿತ್ತು. ವಾಲಿಬಾಲ್ 2017ರಿಂದ ನೇಪಾಳದ ರಾಷ್ಟ್ರೀಯ ಆಟ ಅನ್ನೋದು ನನಗೆ ಆಗ ತಿಳಿದಿದ್ದು. ಬ್ಯಾಟು ಕೊಟ್ಟವರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಷಯ ಹೇಳಿದೆ. ಅವರ ಒಪ್ಪಿಗೆ ತಗೊಂಡು ಕ್ರಿಕೆಟ್ ಸಾಮಾನು ಹೆಚ್ಚಿನದನ್ನು ಇಲ್ಲೇ ಜಿಲ್ಲೆಯ ಎರಡು ಸರ್ಕಾರಿ ಶಾಲೆಗಳಿಗೆ ಕೊಟ್ಟೆವು. ಮಕ್ಕಳ ಅಳತೆಯ ಎರಡು ಕಿಟ್ ಮಾತ್ರ ಉಳಿಸಿಕೊಂಡೆವು. ಕೆಲವರು ಬ್ಯಾಟಿನ ಬದಲು ದುಡ್ಡು ಕೊಟ್ಟರು. ಅದರಲ್ಲಿ ಆರು ಹೊಸ ವಾಲಿಬಾಲು, ಒಂದು ದೊಡ್ಡ ನೈಲಾನ್ ನೆಟ್ ಬಂತು. ಬಿಲ್ಲು ನನ್ನ ಅಂಗಡಿಯದೇ, ಲಾಭ ಬಿಟ್ಟು ತಂದ ಬೆಲೆಗೆ ಹಾಕಿದೆ.

ಒಂದು ಮಾತು ಕಟುವಾಗಿಯೇ ಹೇಳಬೇಕು. ದಾನ ಅಂದರೆ ಮನೆ ಖಾಲಿ ಮಾಡುವುದಲ್ಲ. ಒಂದು ಕಡೆಯಿಂದ ನಲವತ್ತು ಜೊತೆ ಶೂ ಬಂತು, ಅದರಲ್ಲಿ ಅಟ್ಟೆ ಕಿತ್ತದ್ದು ಮೂವತ್ತು. ಒಬ್ಬ ಹುಡುಗ ಅದನ್ನು ಹಾಕಿಕೊಂಡು ಎರಡು ದಿನ ಓಡಿ ಮೂರನೇ ದಿನ ಬರಿಗಾಲಲ್ಲಿ ನಿಂತರೆ, ನಾವು ಎರಡು ಸಾವಿರ ಕಿಲೋಮೀಟರ್ ಹೊತ್ತು ಒಯ್ದು ಏನು ಬಂತು? ಹತ್ತು ಜೊತೆ ಆರಿಸಿ, ತೊಳೆದು, ಒಣಗಿಸಿ, ಹೊಸ ಲೇಸ್ ಹಾಕಿ ಇಟ್ಟುಕೊಂಡೆ. ರ‍್ಯಾಕೆಟ್ ಹನ್ನೆರಡಕ್ಕೂ ಗಟ್ಟಿಂಗ್ ಹೊಸದಾಗಿ ಮಾಡಿದೆ. ಹಳೆ ವಾಲಿಬಾಲ್ ಒಂದೊಂದನ್ನೂ ಗಾಳಿ ತುಂಬಿ ನೀರಿನ ಬಕೆಟ್ಟಿನಲ್ಲಿ ಅದ್ದಿ ನೋಡಿದೆ. ಗುಳ್ಳೆ ಬಂದದ್ದು ಪಕ್ಕಕ್ಕೆ. ಎಂಟು ಪಾಸಾದವು.

ಕಾಗದದ ಕೆಲಸ ನನ್ನ ಬಾಮೈದ ನೋಡಿಕೊಂಡ. ಅವನು ತೆರಿಗೆ ಸಲಹೆಗಾರರೊಬ್ಬರ ಹತ್ತಿರ ಲೆಕ್ಕ ಬರೆಯುತ್ತಾನೆ. ಮೊದಲು ಕೊರಿಯರ್ ಕೇಳಿದೆವು, ಅವರು ಹೇಳಿದ ದರ ಸಾಮಾನಿನ ಬೆಲೆಗಿಂತ ಜಾಸ್ತಿ. ಹಾಗಾಗಿ ನಾವೇ ಒಯ್ಯೋದು ಅಂತ ಆಯಿತು. ನಾನು ಅಂದುಕೊಂಡಿದ್ದೆ, ನೇಪಾಳಕ್ಕೆ ಹೋಗೋಕೆ ನಮಗೆ ವೀಸಾನೇ ಬೇಡ, ಎರಡೂ ದೇಶದ ನಡುವೆ 1950ರ ಒಪ್ಪಂದ ಇದೆ, ಸಾಮಾನಿಗೆ ಏನು ಕಷ್ಟ ಅಂತ. ಅವನು ತಲೆ ಅಲ್ಲಾಡಿಸಿದ.

"ಭಾವ, ನಿಮಗೆ ವೀಸಾ ಬೇಡ. ಚೆಂಡಿಗೆ ಕಾಗದ ಬೇಕು."

ಅವನು ಹುಡುಕಿ ಹೇಳಿದ್ದು ಹೀಗೆ. ದೇಶದಿಂದ ಹೊರಗೆ ಸರಕು ಕಳಿಸುವವರಿಗೆ ಐಇಸಿ ಅನ್ನುವ ರಫ್ತು ಸಂಖ್ಯೆ ಬೇಕು. ಪ್ಯಾನ್ ನಂಬರೇ ಅದಕ್ಕೆ ಆಧಾರ, ಆನ್‌ಲೈನಿನಲ್ಲಿ 500 ರೂಪಾಯಿ ಕಟ್ಟಿದರೆ ಸಿಗುತ್ತೆ. ಆದರೆ ನೇಪಾಳದ ಗಡಿಯಲ್ಲಿ ಒಂದು ಸಲಕ್ಕೆ 25,000 ರೂಪಾಯಿ ಒಳಗಿನ ಸರಕಾದರೆ ಆ ಸಂಖ್ಯೆ ಬೇಕಿಲ್ಲ ಅಂತ ನಿಯಮದಲ್ಲೇ ಇದೆ. ಉಡುಗೊರೆಯಾಗಿ ವರ್ಷಕ್ಕೆ ಐದು ಲಕ್ಷದವರೆಗಿನ ಸರಕು ಕಳಿಸಬಹುದು ಅಂತಲೂ ಇದೆ. ಯಾವ ಬಗೆಯ ಸರಕು ಅಂತ ಗುರುತಿಸೋಕೆ ಒಂದೊಂದಕ್ಕೂ ಕೋಡು ಇರುತ್ತೆ, ಆಟದ ಸಾಮಾನಿನದು 9506. ಅದು ನನಗೆ ಗೊತ್ತಿತ್ತು, ದಿನಾ ಜಿಎಸ್‌ಟಿ ಬಿಲ್ಲಿನಲ್ಲಿ ಬರೆಯುವುದೇ ಅದನ್ನ. ದೇಶ ದೇಶಕ್ಕೂ ಮೊದಲ ಆ ನಾಲ್ಕು ಅಂಕಿ ಒಂದೇ ಅನ್ನೋದು ಗೊತ್ತಿರಲಿಲ್ಲ. ಶೂ ಮಾತ್ರ ಅದರಲ್ಲಿ ಬರಲ್ಲ. ಕೋಡಿನ ಪಟ್ಟಿಯಲ್ಲಿ ಅದರ ಅಧ್ಯಾಯವೇ ಬೇರೆ, 64.

ಆ ಕಡೆಯಿಂದ ಎರಡು ಪತ್ರ ತರಿಸಿದೆವು. ಒಂದು ಶಾಲೆಯ ಹೆಡ್‌ಮಾಸ್ಟರ್ ಬರೆದದ್ದು: ಈ ಸಾಮಾನು ನಮ್ಮ ಶಾಲೆಗೆ ಬರುತ್ತಿದೆ, ಮಾರಾಟಕ್ಕಲ್ಲ ಅಂತ. ಇನ್ನೊಂದು ಅವರ ವಾರ್ಡ್ ಕಚೇರಿಯ ಶಿಫಾರಸು. ಸುಂಕ ಮಾಫಿ ಆಗುತ್ತಾ ಅಂತ ಕೇಳಿದ್ದಕ್ಕೆ ಹೆಡ್‌ಮಾಸ್ಟರು, ಅದಕ್ಕೆ ಕಾಠ್ಮಂಡುವಿನವರೆಗೆ ಫೈಲು ಹೋಗಬೇಕು, ಇಷ್ಟು ಸಣ್ಣ ಸಾಮಾನಿಗೆ ತಿಂಗಳುಗಟ್ಟಲೆ ಕಾಯುವ ಬದಲು ಕಟ್ಟಿಬಿಡೋದು ಒಳ್ಳೇದು ಅಂದರು. ಸರಿ ಅನ್ನಿಸಿತು. ಸುಂಕಕ್ಕೆ ಅಂತ ಎಂಟು ಸಾವಿರ ಬೇರೆ ತೆಗೆದಿಟ್ಟೆವು. ಆಗ ನೇಪಾಳದಲ್ಲಿ ನಮ್ಮ ನೂರರ ಮೇಲಿನ ನೋಟು ತಗೊಳ್ತಿರಲಿಲ್ಲ. ಬ್ಯಾಂಕಿನಲ್ಲಿ ಎಲ್ಲ ನೂರರ ನೋಟು ಮಾಡಿಸಿಕೊಂಡೆವು. ಆಧಾರ್ ನೆಚ್ಚಿಕೊಂಡು ಹೋಗಬೇಡಿ ಅಂದಿದ್ದರು, ಇಬ್ಬರೂ ವೋಟರ್ ಐಡಿ ಇಟ್ಟುಕೊಂಡೆವು.

ಮೂಟೆ ಕಟ್ಟುವ ಕೆಲಸ ಮಾತ್ರ ನಮ್ಮೂರಿನ ಶೈಲಿಯಲ್ಲೇ ಆಯಿತು. ಮಂಡಿಯಲ್ಲಿ ಕೆಲಸ ಮಾಡುವ ಹಮಾಲಿಯೊಬ್ಬರು ಅಂಗಡಿಗೆ ಬಂದು, ಚೆಂಡಿನ ಗಾಳಿಯೆಲ್ಲ ಬಿಡಿಸಿ, ಒಂದರೊಳಗೊಂದು ಬಟ್ಟಲಿನ ಹಾಗೆ ಕೂರಿಸಿ, ಮೂರು ಗೋಣಿಚೀಲದಲ್ಲಿ ಅಷ್ಟನ್ನೂ ತುಂಬಿಸಿದರು. ದಬ್ಬಣಕ್ಕೆ ಸುತಳಿ ಪೋಣಿಸಿ ಬಾಯಿ ಹೊಲಿದರು. ಹೊಲಿಗೆ ನೋಡೋಕೇ ಚಂದ, ಒಂದೇ ಅಳತೆಯ ಹೊಲಿಗೆ, ಕೊನೆಯಲ್ಲಿ ಎರಡು ಕಿವಿ. "ಅಣ್ಣ, ಇದು ದಿಲ್ಲಿಗೆ ಹೋದ್ರೂ ಬಿಚ್ಚಲ್ಲ" ಅಂದರು. ಬಿಚ್ಚಬೇಕಾಗುತ್ತೆ ಅನ್ನೋದು ನಮಗಿಬ್ಬರಿಗೂ ಹೊಳೆದಿರಲಿಲ್ಲ. ಯಾಕೋ ಹೊರಡುವಾಗ ಅವರೇ ದಬ್ಬಣ ಮತ್ತು ಒಂದು ಉಂಡೆ ಸುತಳಿ ನನ್ನ ಕೈಗೆ ಕೊಟ್ಟರು. ಅದು ಎಷ್ಟು ಉಪಕಾರ ಆಯಿತು ಅಂತ ಆಮೇಲೆ ಹೇಳುತ್ತೇನೆ.

ಮೂಟೆ ಮೂರು, ಕಿಟ್ ಬ್ಯಾಗು ಎರಡು, ಒಟ್ಟು ತೂಕ 62 ಕೆಜಿ. ಸ್ಲೀಪರ್ ಕ್ಲಾಸಿನಲ್ಲಿ ಒಬ್ಬರಿಗೆ 40 ಕೆಜಿ ಬಿಟ್ಟಿ, ಇಬ್ಬರಿಗೆ 80. ಪಾರ್ಸಲ್ ಆಫೀಸಿಗೆ ಹೋಗುವ ಕೆಲಸ ತಪ್ಪಿತು. ಯಶವಂತಪುರದಿಂದ ಗೋರಖ್‌ಪುರದ ರೈಲು. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಚೀಲ ಮಂಡಕ್ಕಿ. ಉತ್ತರ ಪ್ರದೇಶ ಮುಟ್ಟುವಷ್ಟರಲ್ಲಿ ಮಂಜು ಮುಸುಕಿ, ರೈಲು ಏಳು ಗಂಟೆ ತಡ. ಗೋರಖ್‌ಪುರದ ಪ್ಲಾಟ್‌ಫಾರಂ 1,366 ಮೀಟರ್. 2023ರ ಮಾರ್ಚ್‌ನಲ್ಲಿ ನಮ್ಮ ಹುಬ್ಬಳ್ಳಿಯ 1,507 ಮೀಟರಿನದು ಉದ್ಘಾಟನೆ ಆಗುವವರೆಗೂ ಜಗತ್ತಿನಲ್ಲೇ ಉದ್ದದ್ದು ಅದೇ. ಮೂಟೆ ಹೊತ್ತುಕೊಂಡು ನಡೆದವರಿಗೆ ಆ ಉದ್ದ ಹೆಗಲಿಗೆ ಗೊತ್ತಾಗುತ್ತೆ. ಬೆಳಿಗ್ಗೆ ಬಸ್ಸು ಹತ್ತಿ ಸುಮಾರು ನೂರು ಕಿಲೋಮೀಟರ್ ಆಚೆಯ ಸೊನೌಲಿಗೆ ಬಂದಿಳಿದಾಗ ಶುಕ್ರವಾರ ಹತ್ತೂವರೆ.

ಸೊನೌಲಿ ಅಂದರೆ ಒಂದು ಪೇಟೆ ಬೀದಿ. ಆ ಬೀದಿಯ ನಡುವೆಯೇ ಒಂದು ಕಮಾನು, ಅದರಾಚೆ ನೇಪಾಳ. ಜನ ತರಕಾರಿ ಚೀಲ ಹಿಡಿದು, ಮಗುವಿನ ಕೈ ಹಿಡಿದು, ಸುಮ್ನೆ ಆ ಕಡೆ ಈ ಕಡೆ ನಡೀತಿರುತ್ತಾರೆ. ನೋಡಿದರೆ ನಾವೂ ಹಾಗೇ ನಡೆದುಬಿಡಬಹುದು ಅನ್ನಿಸುತ್ತೆ. ಬಸ್ಸಿಳಿದ ಕೂಡಲೇ ಒಬ್ಬ ಬಂದು, ನಾಲ್ಕು ರಿಕ್ಷಾದಲ್ಲಿ ಸ್ವಲ್ಪ ಸ್ವಲ್ಪ ಮಾಡಿ ದಾಟಿಸಿಬಿಡ್ತೀನಿ, ಯಾರೂ ಕೇಳಲ್ಲ ಅಂದ. ಬೇಡ ಅಂದೆವು. ಮಕ್ಕಳ ಆಟಕ್ಕೆ ಅಂತ ಒಯ್ಯುವ ಸಾಮಾನನ್ನು ಕದ್ದು ದಾಟಿಸೋಕೆ ಮನಸ್ಸು ಒಪ್ಪಲಿಲ್ಲ. ಅದೂ ಅಲ್ಲದೆ ಹಿಡಿದುಬಿಟ್ಟರೆ ಪತ್ರ ಬರೆದುಕೊಟ್ಟ ಹೆಡ್‌ಮಾಸ್ಟರಿಗೆ ತೊಂದರೆ.

ಮೊದಲು ಸಿಕ್ಕಿದ್ದು ಎಸ್‌ಎಸ್‌ಬಿ ಜವಾನರು. ಈ ಗಡಿ ಕಾಯುವುದು ಅವರೇ. "ಖೋಲೋ" ಅಂದರು. ಹಮಾಲಿಯ ಚಂದದ ಹೊಲಿಗೆ ಅಲ್ಲಿ ಬಿಚ್ಚಿತು. ಗಾಳಿ ಬಿಟ್ಟ ಚೆಂಡು ಅವರಿಗೆ ಅನುಮಾನ ತಂದಿತು. ಒಬ್ಬ ಜವಾನ ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಸುತ್ತ ಒತ್ತಿ ನೋಡುತ್ತಿದ್ದ. ಒಳಗೆ ಏನೋ ಇಟ್ಟು ಗಾಳಿ ಬಿಟ್ಟಿರಬಹುದು ಅಂತ. ನಾನು ಪಂಪು ತೆಗೆದು, ಪಿನ್ನನ್ನು ಬಾಟಲಿ ನೀರಿನಲ್ಲಿ ಒದ್ದೆ ಮಾಡಿ, ಒಂದಕ್ಕೆ ಗಾಳಿ ಹೊಡೆದೆ. ಅವರು ಅದನ್ನು ಕಿವಿಯ ಹತ್ತಿರ ಇಟ್ಟು ಅಲ್ಲಾಡಿಸಿದರು. ಇನ್ನೊಂದಕ್ಕೆ ಹೊಡಿ ಅಂದರು. ಹೀಗೆ ಐದು ಚೆಂಡು. ಐದನೆಯದನ್ನು ಆ ಜವಾನ ನೆಲಕ್ಕೆ ಬಡಿದು, ಮೇಲೆ ಬಂದಾಗ ಎರಡು ಕೈ ಜೋಡಿಸಿ ನನ್ನ ಬಾಮೈದನ ಕಡೆಗೆ ಎತ್ತಿ ಕೊಟ್ಟ. ಆಡುವವನ ಕೈ ಅಂತ ನೋಡಿದ ಕೂಡಲೇ ತಿಳಿಯುತ್ತೆ. "ಯಾವ ಶಾಲೆಗೆ?" ಅಂತ ಕೇಳಿ ಕಸ್ಟಮ್ಸ್ ಆಫೀಸಿನ ದಾರಿ ತೋರಿಸಿದ.

ಆ ಆಫೀಸಿನಲ್ಲಿ ಆಗಿದ್ದೇ ನಾನು ಮೊದಲು ಹೇಳಿದ ಮಾತು. ಇದು ಬ್ಯಾಗೇಜು ಸರ್ ಅಂತ ಬಾಮೈದ ಒಂದು ಸಲ ಹೇಳಿ ನೋಡಿದ. "ಬಟ್ಟೆಬರೆ ಬ್ಯಾಗೇಜು. ಹದಿನಾಲ್ಕು ಚೆಂಡು ಸರಕು" ಅಂದರು ಅಧಿಕಾರಿ. ಸರಿಯಾದ ಮಾತು. ಭೂಮಾರ್ಗದಲ್ಲಿ ಸರಕು ಹೊರಗೆ ಹೋಗೋದಕ್ಕೆ 'ಬಿಲ್ ಆಫ್ ಎಕ್ಸ್‌ಪೋರ್ಟ್' ಅನ್ನುವ ಕಾಗದ ಬೇಕು, ಅದಕ್ಕೆ ಪ್ರತಿ ಐಟಮ್ಮಿನ ಬೆಲೆ ಬೇಕು.

ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಪಟ್ಟಿ ಹೊಸದಾಗಿ ಬರೆದೆವು. ಹೊಸ ವಾಲಿಬಾಲ್ ಒಂದಕ್ಕೆ 900, ಬಿಲ್ಲು ಇತ್ತು. ಹಳೆಯದು? ನನ್ನ ಅಂಗಡಿಯಲ್ಲಿ ಯಾರಾದರೂ ಇದನ್ನು ಕೇಳಿದರೆ ಎಷ್ಟಕ್ಕೆ ಕೊಡ್ತಿದ್ದೆ ಅಂತ ಯೋಚಿಸಿ 250 ಬರೆದೆ. ರ‍್ಯಾಕೆಟ್‌ಗೆ 200. ಮಕ್ಕಳ ಕ್ರಿಕೆಟ್ ಕಿಟ್‌ಗೆ 2,200. ದೊಡ್ಡ ನೆಟ್‌ಗೆ 4,200. ಶೂ ಜೊತೆಗೆ 150, ಅದೂ ಬೇರೆ ಸಾಲಿನಲ್ಲಿ. ಸ್ಕಿಪ್ಪಿಂಗ್ ಹಗ್ಗ, ಪಂಪು, ವಾಲಿಬಾಲ್ ನೆಟ್ಟು ಎಲ್ಲ ಸೇರಿ ಒಟ್ಟು 23,900 ಆಯಿತು. 25,000 ದಾಟಲಿಲ್ಲ ಅಂತ ಬಾಮೈದ ಉಸಿರು ಬಿಟ್ಟ. ಬೇಕಂತಲೇ ಕಡಿಮೆ ಬೆಲೆ ಬರೆದು ಆ ಮಿತಿಯೊಳಗೆ ತಂದದ್ದಲ್ಲ. ಊರಲ್ಲೇ ತೂಕ ಬೆಲೆ ಎರಡೂ ಅಂದಾಜು ಮಾಡಿ ಸಾಮಾನು ಆರಿಸಿದ್ದೆವು. ಬರೆಯುವ ಕೆಲಸ ಒಂದನ್ನೇ ಬಿಟ್ಟಿದ್ದು.

ಆ ಬೆಂಚಿನ ಮೇಲೆ ನನಗೆ ಒಂದು ಮನವರಿಕೆ ಆಯಿತು. ಬೆಲೆ ಬರೆದಾಗ ಆ ಹಳೆ ಚೆಂಡಿಗೆ ಗೌರವ ಕಡಿಮೆ ಆಗಲಿಲ್ಲ. ಇನ್ನೂ 250 ರೂಪಾಯಿಯ ಆಟ ಇದರಲ್ಲಿದೆ ಅಂತ ಒಬ್ಬ ಅಂಗಡಿಯವನು ಸಹಿ ಹಾಕಿದ ಹಾಗಾಯಿತು. ಅಟ್ಟೆ ಕಿತ್ತ ಶೂಗೆ ನಾನು ಏನು ಬೆಲೆ ಬರೆಯುತ್ತಿದ್ದೆ? ಬೆಲೆ ಬರೆಯಲಾಗದ್ದನ್ನು ಮೂಟೆಗೆ ಹಾಕಬಾರದು.

ಕಾಗದ ತುಂಬಿಸೋಕೆ ಒಬ್ಬ ಏಜೆಂಟ್ ಹಿಡಿದೆವು. ಅವನು ಮೊದಲು ಹೇಳಿದ್ದು ಒಂದು ದರ, ಕೊನೆಗೆ ಕೇಳಿದ್ದು ಅದರ ಎರಡರಷ್ಟು. ಶಾಲೆಯ ಪತ್ರ ತೋರಿಸಿ, ಮೊದಲು ಮಾತಾಡಿದ್ದಷ್ಟೇ ಕೊಡ್ತೀವಿ ಅಂತ ಬಾಮೈದ ನಿಂತುಬಿಟ್ಟ. ಒಪ್ಪಿದ, ಆದರೆ ಒಂದು ಗಂಟೆ ಹೋಯಿತು. ಆ ಗಂಟೆಯೇ ನಮಗೆ ದುಬಾರಿ ಆಗಿದ್ದು. ಎಲ್ಲ ಮುದ್ರೆ ಬಿದ್ದು, ಎರಡನೇ ಸಲ ಬಿಚ್ಚಿದ ಮೂಟೆಯನ್ನು ದಬ್ಬಣದಿಂದ ಹೊಲಿದು, ಸೈಕಲ್ ರಿಕ್ಷಾದಲ್ಲಿ ಕಮಾನು ದಾಟಿ ಬೆಲಹಿಯಾದ ಭನ್ಸಾರ್ ಕಚೇರಿಗೆ ಬಂದಾಗ ನನ್ನ ಗಡಿಯಾರದಲ್ಲಿ 2.50. ಕಸ್ಟಮ್ಸ್‌ಗೆ ನೇಪಾಳಿಯಲ್ಲಿ ಭನ್ಸಾರ್ ಅನ್ನುತ್ತಾರೆ. ಅವರ ಗೋಡೆ ಗಡಿಯಾರದಲ್ಲಿ 3.05. ನೇಪಾಳದ ಸಮಯ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಆಗ ಶುಕ್ರವಾರ ಆ ಕೌಂಟರಿನವರು ಮೂರಕ್ಕೇ ಲೆಕ್ಕ ಮುಗಿಸುತ್ತಿದ್ದರು. ಶನಿವಾರ ಅಲ್ಲಿ ವಾರದ ರಜೆ. ಭಾನುವಾರ ಆಗ ಕೆಲಸದ ದಿನವಾಗಿತ್ತು. ಮೂಟೆಗಳನ್ನು ಗೋದಾಮಿನಲ್ಲಿ ಇಡಿಸಿ ಒಂದು ಚೀಟಿ ಕೊಟ್ಟರು. ಭಾನುವಾರ ಬನ್ನಿ ಅಂದರು.

ಶನಿವಾರ ಲುಂಬಿನಿಗೆ ಹೋಗಿ ಬಂದೆವು. ಬುದ್ಧ ಹುಟ್ಟಿದ ಜಾಗ, ಗಡಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿ ಅಶೋಕ ನಿಲ್ಲಿಸಿದ ಕಂಬ ಇದೆ. ನಮ್ಮ ಕಡೆಯವರಿಗೆ ಅಶೋಕನ ಶಾಸನ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರು ಕಡೆ ಬಂಡೆಯ ಮೇಲೆ ಬರೆಸಿದ್ದಾನೆ. ಶಾಲೆಯಿಂದ ಟೂರು ಹೋದಾಗ ನೋಡಿದ್ದೆ. ಲುಂಬಿನಿಯ ಕಂಬದ ಬರಹ ಚಿಕ್ಕದು. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷ ಆದ ಮೇಲೆ ರಾಜ ತಾನೇ ಇಲ್ಲಿಗೆ ಬಂದು ಪೂಜೆ ಮಾಡಿದ, ಬುದ್ಧ ಇಲ್ಲಿ ಹುಟ್ಟಿದ ಅಂತ ಈ ಊರಿಗೆ ತೆರಿಗೆ ಮಾಫಿ ಮಾಡಿದ, ಬೆಳೆಯಲ್ಲಿ ಎಂಟರಲ್ಲಿ ಒಂದು ಪಾಲು ಮಾತ್ರ ಕೊಟ್ಟರೆ ಸಾಕು ಅಂದ. ಬಾಮೈದ ಅದರ ವಿವರ ಓದಿ ಹೇಳಿದಾಗ ಮೈ ಜುಂ ಅಂದಿತು. ಮರುದಿನ ಸುಂಕ ಕಟ್ಟೋಕೆ ಕಾಯುತ್ತಿರುವ ನಾವು, ಎರಡು ಸಾವಿರ ವರ್ಷಕ್ಕೂ ಹಿಂದಿನ ಒಂದು ಸುಂಕ ಮಾಫಿಯ ಕಾಗದದ ಮುಂದೆ ನಿಂತಿದ್ದೆವು. ಕಲ್ಲಿನ ಕಾಗದ. ಎಷ್ಟು ಮಾಫಿ, ಯಾಕೆ ಮಾಫಿ, ಎಲ್ಲ ಸ್ಪಷ್ಟವಾಗಿ ಬರೆಸಿದ್ದಾನೆ.

ಭಾನುವಾರ ಕೌಂಟರ್ ತೆರೆಯುವ ಮೊದಲೇ ಹೋಗಿ ನಿಂತೆವು. ಹೆಡ್‌ಮಾಸ್ಟರೂ ಹುಡುಗನೂ ರಾತ್ರಿ ಬಸ್ಸಿಗೆ ಬಂದು ಸೇರಿದ್ದರು. ಹುಡುಗ ನನಗಿಂತ ಎತ್ತರ ಬೆಳೆದಿದ್ದ. ಕಾಲಿಗೆ ಬಿದ್ದು "ಕಾಕಾ, ಊಟ ಆಯ್ತಾ?" ಅಂದ. ಬೆಲಹಿಯಾದ ಆ ಮಂಜಿನಲ್ಲಿ ದಾವಣಗೆರೆಯ ಮಾತು ಕೇಳಿ ಕಣ್ಣು ತುಂಬಿ ಬಂತು.

ಆ ವರ್ಷ ಅಲ್ಲಿ ಕಟ್ಟುನಿಟ್ಟು ಜಾಸ್ತಿ ಆಗಿತ್ತು. ಭಾರತದ ಪೇಟೆಯಿಂದ ತರುವ ಸಾಮಾನು ನೇಪಾಳಿ ನೂರು ರೂಪಾಯಿ ದಾಟಿದರೂ ಸುಂಕ ಅನ್ನುವ ನಿಯಮವನ್ನು ಬಿಗಿ ಮಾಡಿದ್ದರು. ನಮ್ಮ ಒಂದು ರೂಪಾಯಿಗೆ ಅವರ 1 ರೂಪಾಯಿ 60 ಪೈಸೆ, ಅಂದರೆ ನೂರು ಅಂದರೆ ನಮ್ಮ ಅರವತ್ತೆರಡೂವರೆ. ಒಂದು ಸ್ಕಿಪ್ಪಿಂಗ್ ಹಗ್ಗದ ಬೆಲೆ. ಅಂಥಲ್ಲಿ ಮೂರು ಮೂಟೆ ಯಾರ ಕಣ್ಣು ತಪ್ಪುತ್ತೆ?

ಏನು ತಂದಿದ್ದೇವೆ ಅಂತ ಘೋಷಿಸೋಕೆ ಪ್ರಜ್ಞಾಪನ ಪತ್ರ ಅಂತ ಅವರ ಫಾರಂ. ದೇವನಾಗರಿಯಲ್ಲಿ ಹೆಡ್‌ಮಾಸ್ಟರೇ ತುಂಬಿದರು. ಇಸವಿಯ ಜಾಗದಲ್ಲಿ 2080 ಅಂತ ಬರೆದರು. ಅವರದು ವಿಕ್ರಮ ಸಂವತ್. ನಮ್ಮ ಪಂಚಾಂಗದಲ್ಲಿ ಆಗ ಶಾಲಿವಾಹನ ಶಕ 1945, ಶೋಭಕೃತ್ ಸಂವತ್ಸರ. ನಮ್ಮ ಬಿಲ್ಲಿನ ಮೇಲೆ 2023. ಒಂದೇ ದಿನಕ್ಕೆ ಮೂರು ಲೆಕ್ಕ. ತಾರೀಕು ಹೊಂದಿಸಿ ತೋರಿಸೋಕೆ ಸ್ವಲ್ಪ ಹೊತ್ತಾಯಿತು.

ಮೂರನೇ ಸಲ ಮೂಟೆ ಬಿಚ್ಚಿದೆವು. ಹೊಸ ಚೆಂಡಿಗೆ ನಮ್ಮ ಬಿಲ್ಲನ್ನು ಒಪ್ಪಿದರು. ಹಳೆ ಚೆಂಡಿಗೆ ಅವರ ಹತ್ತಿರ ಒಂದು ದರದ ಪಟ್ಟಿ ಇತ್ತು, ಅದರಲ್ಲಿ ಹೊಸದರ ದರ ಮಾತ್ರ. ಅಧಿಕಾರಿ ಎರಡನ್ನೂ ಅಕ್ಕಪಕ್ಕ ಇಡಿ ಅಂದರು. ನಾನು ಹೊಸದು ಹಳೆಯದು ಎರಡಕ್ಕೂ ಗಾಳಿ ಹೊಡೆದು ಕೊಟ್ಟೆ. ಹಳೆಯದರ ಮೇಲೆ ಸವೆದ ಗುರುತು, ನಾನು ಅಂಟು ಹಾಕಿ ಕೂರಿಸಿದ ಒಂದು ಪಟ್ಟಿ. ಅವರು ಆ ಪಟ್ಟಿಯನ್ನು ಉಗುರಿನಿಂದ ಮೀಟಿ ನೋಡಿದರು. ಏಳಲಿಲ್ಲ. "ಯಾರು ಅಂಟಿಸಿದ್ದು?" ಅಂದರು. ನಾನೇ ಅಂದೆ. ಸೊನೌಲಿಯ ಮುದ್ರೆ ಇದ್ದ ನಮ್ಮ ಪಟ್ಟಿ ನೋಡಿ 250 ಅನ್ನೇ ಒಪ್ಪಿಕೊಂಡರು. ದೊಡ್ಡ ನೆಟ್‌ಗೆ ಮಾತ್ರ ಅವರ ದರ ಹಾಕಿದರು. ಸುಂಕ, ಅದರ ಮೇಲೆ 13 ಪರ್ಸೆಂಟ್ ವ್ಯಾಟ್, ಎಲ್ಲ ಸೇರಿ ಅವರ ದುಡ್ಡಿನಲ್ಲಿ ಒಂಬತ್ತು ಸಾವಿರದ ಆಸುಪಾಸು, ನಮ್ಮದರಲ್ಲಿ ಐದೂವರೆ ಸಾವಿರದ ಮೇಲೆ. ರಸೀದಿ ಶಾಲೆಯ ಹೆಸರಿಗೆ ಬಂತು. ಹೆಡ್‌ಮಾಸ್ಟರು ಅದನ್ನು ಮಡಿಚಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡರು. ಆ ರಸೀದಿ ಇದ್ದಿದ್ದಕ್ಕೇ ಮುಂದೆ ದಾರಿಯಲ್ಲಿ ಪೊಲೀಸರು ತಡೆದಾಗ ಎರಡೇ ನಿಮಿಷದಲ್ಲಿ ಬಿಟ್ಟರು.

ಬುಟ್ವಲ್‌ನಲ್ಲಿ ರಾತ್ರಿ ಉಳಿದು, ಸೋಮವಾರ ಜೀಪಿನಲ್ಲಿ ಗುಡ್ಡ ಹತ್ತಿದೆವು. ಬುಟ್ವಲ್ ದಾಟಿದ ಕೂಡಲೇ ಸಿದ್ಧಬಾಬಾ ಅನ್ನುವ ತಿರುವು, ಮೇಲಿಂದ ಕಲ್ಲು ಉರುಳುವ ಜಾಗ. ಡ್ರೈವರ್ ಅಲ್ಲಿ ಮಾತು ನಿಲ್ಲಿಸಿದ, ನಾವೂ ನಿಲ್ಲಿಸಿದೆವು.

ಶಾಲೆಯ ಮೈದಾನ ಹುಡುಗ ಹೇಳಿದ ಹಾಗೇ ಇತ್ತು. ನಾನು ಮೊದಲು ಕೆಳಗೆ ತೊರೆ ಕಾಣುವ ಅಂಚಿಗೆ ಹೋಗಿ ನಿಂತು ನೋಡಿದೆ. ಊರಿನವರು ಬಿದಿರು ಕಡಿದು ಆಗಲೇ ನೆಟ್ಟಿದ್ದರು. ದೊಡ್ಡ ನೆಟ್ ಬಿಡಿಸಿದರೆ ಬಿದಿರಿನ ಉದ್ದಕ್ಕಿಂತ ಎರಡು ಮೊಳ ಜಾಸ್ತಿ. ಕತ್ತರಿಸೋದು ಬೇಡ ಅಂತ ಕೆಳಗಿನ ಅಂಚು ಮಡಿಚಿ ಸುತಳಿಯಿಂದ ಹೊಲಿದೆ. ಮಡಿಚಿದ್ದರಿಂದ ಚೆಂಡು ಬಿದ್ದು ಅಲ್ಲೇ ಜೋಳಿಗೆಯ ಹಾಗೆ ಕೂರುತ್ತೆ, ಅದು ಅನುಕೂಲವೇ ಆಯಿತು. ಹುಡುಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. ನಾಲ್ಕು ಹೊಲಿಗೆ ನಾನು ಹಾಕಿದೆ, ಆಮೇಲೆ ದಬ್ಬಣ ಅವನ ಕೈಗೆ ಕೊಟ್ಟೆ. ಮೊದಲ ಗಂಟು ಸಡಿಲ ಬಂತು. ಬಿಚ್ಚಿಸಿ ಮತ್ತೆ ಹಾಕಿಸಿದೆ.

ಆ ಕಡೆ ಹುಡುಗಿಯರು ಆಟದ ನೆಟ್ ಕಟ್ಟುತ್ತಿದ್ದರು. ನೆಟ್ಟಿನ ಎತ್ತರ ಗಂಡುಮಕ್ಕಳಿಗೆ 2.43 ಮೀಟರ್, ಹೆಣ್ಣುಮಕ್ಕಳಿಗೆ 2.24. ಕಂಬಕ್ಕೆ ಎರಡು ಕಡೆ ಬಣ್ಣದ ಗುರುತು ಹಾಕಿಕೊಟ್ಟೆ. ಮೊದಲ ಸರ್ವ್ ಒಬ್ಬ ಹುಡುಗಿ ಹೊಡೆದಳು. ಚೆಂಡು ಎಲ್ಲರನ್ನೂ ದಾಟಿ ನೇರ ಅಂಚಿನ ಕಡೆ ಹೋಯಿತು. ಅಭ್ಯಾಸದಂತೆ ಇಬ್ಬರು ಚಿಕ್ಕ ಹುಡುಗರು ತೊರೆಯ ದಾರಿ ಹಿಡಿದು ಓಡಿದರು. ಚೆಂಡು ನೆಟ್‌ಗೆ ಬಡಿದು ಜೋಳಿಗೆಯಲ್ಲಿ ಕೂತಿತು. ಅವರು ಅರ್ಧ ದಾರಿಯಲ್ಲಿ ನಿಂತು ತಿರುಗಿ ನೋಡಿದರು.

ಸಂಜೆ ಹೊರಡುವಾಗ ಹುಡುಗ ದಬ್ಬಣ ವಾಪಸು ಕೊಡೋಕೆ ಬಂದ. ಇಟ್ಕೋ ಅಂದೆ. ಉಳಿದ ಸುತಳಿ ಉಂಡೆಯನ್ನೂ ಅವನ ಜೇಬಿಗೆ ತುರುಕಿದೆ. ಕೆಳಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ.